ಮದುವೆಯಾಗದ ಅತ್ತೆ

ನಾನು ಕಂಡ ಅತ್ತೆಯರಲ್ಲೆಲ್ಲ ತೀರಾ ಘಾಟಿಯಾದ ಅತ್ತೆಗೆ ಮದುವೆಯೇ ಆಗಿರಲಿಲ್ಲ. ಮಗನಿರಲಿಲ್ಲ, ಸೊಸೆಯಿರಲಿಲ್ಲ. ಇದ್ದದ್ದು ಬೈಲಹೊಂಗಲದ ತರಬೇತಿ ಕೋಣೆಯ ಮೂಲೆಯಲ್ಲಿ ಒಂದು ಮರದ ಬೆಂಚು, ತಲೆಯ ಮೇಲೆ ಸೆರಗು, ಮಡಿಲಲ್ಲಿ ಎಲೆಯಡಿಕೆಯ ಚಂಚಿ. ಅಷ್ಟೇ ಸಾಕಾಗಿತ್ತು. ಒಂದು ಕಾಲು ಮಡಚಿ ಬೆಂಚಿನ ಮೇಲೆ ಕೂತು, ಎದುರು ನಿಂತವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾರವಾ ನೀ? ಇಂಥಾ ಬಿಸಲಾಗ ಯಾಕ ಬಂದಿ?" ಎಂದು ಕೇಳಿದರೆ, ಹತ್ತು ವರ್ಷ ಅಂಗನವಾಡಿ ನಡೆಸಿದ ಹೆಂಗಸರೂ ಕೈಯಲ್ಲಿದ್ದ ರಜಿಸ್ಟರನ್ನು ಎದೆಗವಚಿಕೊಂಡು ತೊದಲುತ್ತಿದ್ದರು.

ಅವರ ಹೆಸರು ವಾಸಂತಿಬಾಯಿ ಕುಲಕರ್ಣಿ. ನಮ್ಮ ಭಾಗದ ಅಂಗನವಾಡಿಗಳ ಮೇಲ್ವಿಚಾರಕಿ. ನಾನು ಮಾದೇವಿ, ನೇಸರಗಿಯ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುವವಳು. ಹನ್ನೊಂದು ವರ್ಷ ಅವರ ಕೈಕೆಳಗೆ ದುಡಿದೆ. ಎಲ್ಲರಿಗೂ ಅವರು ಬರೀ 'ಬಾಯಾರು'. ಮೂಲ ರಾಮದುರ್ಗದವರು. ಅಜ್ಜ ಪುರಾಣ ಹೇಳುತ್ತಿದ್ದರಂತೆ, ಅಪ್ಪ ಸಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದರಂತೆ. ಇವರು ಮಾತ್ರ ಕೂಸುಗಳ ತೂಕ ನೋಡುತ್ತ, ಊರೂರು ಬಸ್ಸು ಹಿಡಿಯುತ್ತ ಮೂವತ್ತು ವರ್ಷ ಕಳೆದರು. ಗಿಡ್ಡ ಆಳು. ಗಡಿಯಾರದ ಮುಖ ಮಣಿಕಟ್ಟಿನ ಒಳಬದಿಗೆ. ಮಳೆಗಾಲ, ಬೇಸಿಗೆ ಎನ್ನದೆ ಕೈಯಲ್ಲೊಂದು ಕೊಡೆ. ಅದನ್ನು ಬಿಚ್ಚಿದ್ದು ಕಡಿಮೆ, ನಮ್ಮತ್ತ ಚಾಚಿದ್ದೇ ಹೆಚ್ಚು. ಸವದತ್ತಿ ಬಸ್ಸಿನಲ್ಲಿ ಚಾಲಕನ ಹಿಂದಿನ ಸೀಟು ಅವರದೆಂದು ಯಾವ ಸರಕಾರಿ ಆದೇಶದಲ್ಲೂ ಇರಲಿಲ್ಲ. ಆದರೆ ಅಲ್ಲಿ ಕೂತವರು ಬಾಯಾರನ್ನು ಕಂಡೊಡನೆ ತಾವಾಗಿಯೇ ಏಳುತ್ತಿದ್ದರು.

ಅವರ ಬಗ್ಗೆ ನಾವು ಬೆನ್ನ ಹಿಂದೆ ನಗುತ್ತಿದ್ದ ಸಂಗತಿಗಳಿಗೆ ಕೊನೆಯಿರಲಿಲ್ಲ. ತತ್ತಿಯದನ್ನೇ ತಗೊಳ್ಳಿ. ಜನ್ಮದಲ್ಲಿ ತತ್ತಿ ತಿಂದವರಲ್ಲ, ಉಳ್ಳಾಗಡ್ಡಿ ಕಂಡರೆ ಮೂಗು ಮುರಿಯುವವರು. ಆದರೆ ಮಕ್ಕಳಿಗೆ ಕೊಡುವ ತತ್ತಿಯ ವಿಷಯದಲ್ಲಿ ಅವರ ಕಣ್ಣು ತಪ್ಪಿಸುವುದು ಯಾವ ಅಂಗಡಿಯವನಿಗೂ ಸಾಧ್ಯವಿರಲಿಲ್ಲ. ಸೆರಗಿನ ತುದಿಯಿಂದ ಒಂದೊಂದನ್ನೇ ಹಿಡಿದು, ಮುಖ ಆ ಕಡೆ ತಿರುಗಿಸಿ, ನೀರಿನ ಬಕೆಟ್ಟಿಗೆ ಬಿಡುವರು. ಮುಳುಗಿದರೆ ಒಳ್ಳೆಯದು, ತೇಲಿದರೆ ಕೆಟ್ಟದ್ದು. "ಇದು ತೇಲ್ಲಿಕತ್ತದ ನೋಡು, ಇದನ್ನ ತಂದವನ ಮಾರಿಗೆ ಹಿಡಿ," ಎಂದು ನಮಗೆ ಹೇಳಿ, ಆಮೇಲೆ ಹತ್ತು ನಿಮಿಷ ಕೈ ತೊಳೆಯುವರು. ಮಕ್ಕಳ ತತ್ತಿಗೆ ಕತ್ತರಿ ಬೀಳುತ್ತದೆಂಬ ಸುದ್ದಿ ಬಂದಾಗ ಎಲ್ಲರಿಗಿಂತ ಮೊದಲು ಅರ್ಜಿ ಬರೆದವರೂ ಅವರೇ.

ಅರ್ಜಿ ಅವರ ಇನ್ನೊಂದು ಚಟ. ಪ್ರತಿ ತಿಂಗಳ ಮೊದಲ ಸೋಮವಾರ ಮೇಲಿನ ಕಚೇರಿಗೆ ಒಂದು ಅರ್ಜಿ. ಒಂದೇ ಹಾಳೆ, ಅದರಲ್ಲಿ ಒಂದೇ ಬೇಡಿಕೆ. ನಾವು, "ಬಾಯಾರ, ಹೆಂಗೂ ಬರ್ಯಾಕತ್ತೀರಿ, ನಮ್ಮ ಊರಿನ ನಳದ್ದೂ ಒಂದ ಸಾಲ ಸೇರಸ್ರಿ," ಎಂದರೆ ಕೊಡೆ ಎತ್ತುವರು. "ಎರಡು ಬೇಡಿಕಿ ಬರದ್ರ ಸಾಹೇಬರು ಹಗುರ ಇದ್ದದ್ದನ್ನ ಆರಿಸ್ಕೋತಾರ, ವಜ್ಜಾ ಇದ್ದದ್ದನ್ನ ಮರೀತಾರ. ಒಂದು ಬರದ್ರ ಹೌದನ್ನಬೇಕು, ಇಲ್ಲಾ ಅಲ್ಲನ್ನಬೇಕು." ಒಮ್ಮೆ ಒಂದು ಅಂಗನವಾಡಿಯ ಶೌಚಾಲಯಕ್ಕೆ ಚಿಲಕ ಬೇಕೆಂದು ಬರೆದರು. ಏಳು ತಿಂಗಳ ಮೇಲೆ ಚಿಲಕ ಬಂತು. ಆ ಹೊತ್ತಿಗೆ ಬಾಗಿಲೇ ಗೆದ್ದಲು ಹಿಡಿದು ಉದುರಿತ್ತು. ಬಾಯಾರು ಬೇಸರ ಮಾಡಿಕೊಳ್ಳದೆ ಮುಂದಿನ ಸೋಮವಾರ ಬಾಗಿಲಿಗೆ ಬರೆದರು.

ಇನ್ನು ಅತ್ತೆ ಪರೀಕ್ಷೆ. ತರಬೇತಿ ಎಂದರೆ ನಮಗೆ ಗೊತ್ತಿದ್ದದ್ದು ಗೋಡೆಯ ಮೇಲೆ ಚಿತ್ರ ತೋರಿಸುವುದು, ಚಹಾ, ಬಿಸ್ಕೀಟು, ಸಹಿ, ಊರಿಗೆ ಬಸ್ಸು. ಬಾಯಾರ ತರಬೇತಿಯಲ್ಲಿ ಮಧ್ಯಾಹ್ನ ಆಗುತ್ತಲೇ ಚಿತ್ರಗಳನ್ನೆಲ್ಲ ಮಡಚಿಡುತ್ತಿದ್ದರು. ಬೆಂಚು ಕಟ್ಟೆಯಾಗುತ್ತಿತ್ತು, ಅವರು ಅತ್ತೆಯಾಗುತ್ತಿದ್ದರು. ನಾವು ಒಬ್ಬೊಬ್ಬರಾಗಿ ಮನೆ ಭೇಟಿಗೆ ಹೋಗಿ, ಆ ಅತ್ತೆಯನ್ನು ಒಪ್ಪಿಸಿ, ಬಸುರಿ ಸೊಸೆಯನ್ನು ಅಂಗನವಾಡಿಯ ಊಟಕ್ಕೆ ಕಳಿಸುವ ಮಾತು ತಗೊಂಡು ಬರಬೇಕು. "ಚಚಡಿ ಊರಾಗಿನ ದೊಡ್ಡ ವಾಡೇದ ಬಾಗಲಾ ಎಷ್ಟು ಎತ್ತರ ಅದ, ನೋಡೀರಿಲ್ಲೊ? ಅತ್ತಿ ಕೂತ ಕಟ್ಟಿ ಅದಕ್ಕಿಂತ ಎತ್ತರ," ಎಂದು ಮೊದಲೇ ಎಚ್ಚರಿಸಿ, ಸೆರಗು ಹೊದ್ದುಕೊಳ್ಳುವರು. ಹೊದ್ದ ಗಳಿಗೆಯೇ ಮಾತಿನ ಧಾಟಿ ಬದಲಾಗಿ, ಅಪ್ಪಟ ನಮ್ಮ ಒಕ್ಕಲುಮನೆಯ ಮುದುಕಿ ಎದುರು ಕೂತಿರುತ್ತಿದ್ದಳು. ಚಂಚಿಯಲ್ಲಿ ಎಲೆಯೂ ಇರಲಿಲ್ಲ, ಅಡಿಕೆಯೂ ಇರಲಿಲ್ಲ. ಶೇಂಗಾ ಬೆಲ್ಲ ಇಟ್ಟುಕೊಂಡು ಅದನ್ನೇ ಅಡಿಕೆಯ ಹಾಗೆ ಜಗಿಯುತ್ತಿದ್ದರು.

ನನ್ನ ಮೊದಲ ಸಲ ಹೀಗಾಯಿತು.

"ಶರಣ್ರಿ ಯವ್ವಾ. ಅಂಗನವಾಡಿಯಿಂದ ಬಂದೇನ್ರಿ. ನಿಮ್ಮ ಸೊಸಿ ಬಸರಾಗ್ಯಾಳಂತಲ್ರಿ, ಆಕಿನ್ನ ದಿನಾ ಮಧ್ಯಾಹ್ನ ಊಟಕ್ಕ ಕಳಸ್ರಿ. ಸರಕಾರದವರು ಅನ್ನಾ, ಸಾರು, ತತ್ತಿ..."

"ಸರಕಾರದಾವ್ರು ಯಾವಾಗ ನಮ್ಮ ಬೀಗರಾದ್ರ? ನಮ್ಮ ಮನ್ಯಾಗ ಜ್ವಾಳ ತೀರ್ಯಾವಂತ ಯಾರ ಹೇಳಿದ್ರ ನಿನಗ?"

"ಹಂಗಲ್ರೀ ಯವ್ವಾ, ಮೈಯಾಗ ಕಬ್ಬಿಣದ ಅಂಶ ಕಡಿಮಿ ಆದ್ರ..."

"ಕಬ್ಬಿಣಾ ಬೇಕಾದ್ರ ಕಮ್ಮಾರಗ ಹೇಳ ಕಳಸ್ತೇನಿ. ನಡಿ, ನಡಿ, ಬಿಸಲಾತು."

ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಾಯಾರು ಸೆರಗಿಳಿಸಿ, ಕೆಂಪು ರಟ್ಟಿನ ಒಂದು ನೋಟುಬುಕ್ಕಿನಲ್ಲಿ ನನ್ನ ಹೆಸರು ಬರೆದು, ಮುಂದೆ 'ನಾಪಾಸು' ಎಂದು ಬರೆದರು. ಮರುವರ್ಷ ನಾನು ಜಾಣತನ ಮಾಡಿ ಹೊಗಳಿಕೆಯಿಂದ ಶುರುಮಾಡಿದೆ: ಎಷ್ಟು ಚೊಕ್ಕ ಮನೆ, ಎಂಥ ಹಸನಾದ ಅಂಗಳ. "ಮನಿ ನೋಡಾಕ ಬಂದೀಯೋ, ಸೊಸಿನ್ನ ನೋಡಾಕ ಬಂದೀಯೋ?" ನಾಪಾಸು. ಮೂರನೆಯ ಸಲ ಹೆದರಿಸಿ ನೋಡಿದೆ, ಸರಿಯಾಗಿ ಉಣ್ಣದಿದ್ದರೆ ಕೂಸಿಗೆ ತ್ರಾಸಾಗುತ್ತದೆ ಎಂದೆ. "ಮೂರಸಂಜಿಗೆ ಮನೀಗೆ ಬಂದು ಕೆಟ್ಟ ನುಡೀತೀಯಾ? ಏಳ ಮೊದಲ!" ಎಂದು ಕೊಡೆ ಹಿಡಿದು ಬಾಗಿಲವರೆಗೆ ಅಟ್ಟಿಸಿಕೊಂಡು ಬಂದರು. ಆಗಿನ್ನೂ ಮಧ್ಯಾಹ್ನದ ಮೂರು ಗಂಟೆ. ಅದನ್ನು ಹೇಳುವ ಧೈರ್ಯ ಯಾರಿಗಿತ್ತು? ಒಬ್ಬೊಬ್ಬರಿಗೆ ಮೂರೇ ಅವಕಾಶ, ಆಮೇಲೆ ನಾನೂ ಕೂತು ನೋಡುವವಳಾದೆ.

ಯಾರೂ ಪಾಸಾಗುತ್ತಿರಲಿಲ್ಲ ಎಂಬುದೇ ನಮಗಿದ್ದ ಸಮಾಧಾನ. ಪರೀಕ್ಷೆ ಮುಗಿದ ಮೇಲೆ ಬಾಯಾರು ಪ್ರತಿ ಸಲ ಅದೇ ಮಾತು ಹೇಳುವರು. "ಎಲ್ಲಾರೂ ಛಲೋ ಮಾತಾಡ್ತೀರಿ. ಆದ್ರ ಒಂದು ಮಾತು ಒಬ್ಬಾಕೀನೂ ಕೇಳೂದಿಲ್ಲ." ಯಾವ ಮಾತು ಎಂದರೆ, "ಅದನ್ನ ಹೇಳಿದ್ರ ಪರೀಕ್ಷಾ ಯಾಕ ಬೇಕು?" ಬಸ್ಸಿನಲ್ಲಿ ವಾಪಸಾಗುವಾಗ ನಾವು ತಲೆ ಕೆರೆದುಕೊಳ್ಳುತ್ತಿದ್ದೆವು. ಕುಡಿಯಲು ನೀರು ಕೇಳಬೇಕಿತ್ತೇ? ಕಾಲು ಮುಟ್ಟಬೇಕಿತ್ತೇ? ಸೊಸೆಯ ತವರು ಯಾವುದೆಂದು ವಿಚಾರಿಸಬೇಕಿತ್ತೇ? ಮುಂದಿನ ವರ್ಷ ಯಾರೋ ಅದನ್ನೆಲ್ಲ ಮಾಡಿ ನೋಡುವರು. ನೋಟುಬುಕ್ಕಿನಲ್ಲಿ ಮತ್ತೊಂದು ನಾಪಾಸು ಸೇರುವುದು.

ಈ ಪರೀಕ್ಷೆಯ ಮೂಲವನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಬಸ್ಸಿಗೆ ಕಾಯುತ್ತ ನಿಂತಾಗ, ಅದೂ ಅರ್ಧ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಿತ್ತೂರ ಕಡೆಯ ಒಂದು ಹಳ್ಳಿಯಲ್ಲಿ ಬಸುರಿ ಹುಡುಗಿಯೊಬ್ಬಳ ಮನೆಗೆ ಹೋಗಿದ್ದರಂತೆ. "ಬಾಗಲದಾಗ ನಿಂತು ಅರ್ಧಾ ತಾಸು ಭಾಷಣಾ ಹೊಡದೆ. ಪುಸ್ತಕದಾಗ ಇದ್ದದ್ದೆಲ್ಲಾ ಹೇಳಿದೆ. ಅತ್ತಿ ಕದಾ ಹಾಕ್ಕೊಂಡ್ಲು. ಆ ಹುಡುಗಿ ಕಿಡಕಿಯೊಳಗಿಂದ ನನ್ನ ನೋಡ್ಲಿಕತ್ತಿದ್ಲು. ಆ ಕೂಸು ಉಳೀಲಿಲ್ಲ, ಮಾದೇವಿ." ಕೊಡೆಯ ತುದಿಯಿಂದ ನೆಲ ಕೆದಕುತ್ತ, "ಆಮ್ಯಾಲೆ ಆ ಮುದುಕೀನ ನನಗ ಬುದ್ಧಿ ಹೇಳಿದ್ಲು," ಎಂದರು. ಏನು ಬುದ್ಧಿ ಎಂದು ಕೇಳುವಷ್ಟರಲ್ಲಿ ಸವದತ್ತಿ ಬಸ್ಸು ಬಂತು. ಚಾಲಕನ ಹಿಂದಿನ ಸೀಟಿನಲ್ಲಿದ್ದವನು ಎದ್ದು ನಿಂತಾಗಿತ್ತು.

ಈಗ ನನ್ನ ಪಾಪದ ಕಥೆಗೆ ಬರಬೇಕು. ಆಗಿನ ನಿಯಮ ಹೀಗಿತ್ತು: ಬಸುರಿಯರು, ಬಾಣಂತಿಯರು ಅಂಗನವಾಡಿಗೇ ಬಂದು ನಮ್ಮ ಕಣ್ಣೆದುರು ಉಣ್ಣಬೇಕು, ಊಟವನ್ನು ಮನೆಗೆ ಒಯ್ಯುವಂತಿಲ್ಲ. ಒಯ್ದರೆ ಅದು ಸೊಸೆಯ ಹೊಟ್ಟೆಗೆ ಹೋಗುತ್ತದೋ ಮಾವನ ಹೊಟ್ಟೆಗೋ ಯಾರು ಕಂಡರು ಎಂಬುದು ನಿಯಮ ಮಾಡಿದವರ ವಿಚಾರ. ಅದು ಪೂರ್ತಿ ತಪ್ಪೂ ಅಲ್ಲ. ಬಸುರಿಯರು ಹೇಗೋ ಬರುತ್ತಿದ್ದರು. ಆದರೆ ಬಾಣಂತಿ? ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಹತ್ತಿ ತುರುಕಿ, ಹೊರಸಿನ ಕೆಳಗೆ ಕೆಂಡವಿಟ್ಟು, ಗಾಳಿ ಸೋಕದಂತೆ ಕೋಣೆಯಲ್ಲಿ ಮಲಗಿಸಿದ ಹೆಣ್ಣುಮಗಳು ಕೂಸನ್ನೆತ್ತಿಕೊಂಡು ಎರಡು ಓಣಿ ದಾಟಿ ಊಟಕ್ಕೆ ಬರಬೇಕಿತ್ತು. ಒಬ್ಬಳೂ ಬರುತ್ತಿರಲಿಲ್ಲ. ಹೀಗಾಗಿ ನಾನು, ನನ್ನಂಥವರೆಲ್ಲ, ಸಹಾಯಕಿಯ ಸೆರಗಿನಡಿ ಡಬ್ಬಿ ಕೊಟ್ಟು ಕಳಿಸುತ್ತಿದ್ದೆವು. ಹಾಜರಿಯಲ್ಲಿ ಮಾತ್ರ 'ಬಂದು ಉಂಡರು' ಎಂದು ಬರೆಯುತ್ತಿದ್ದೆವು.

ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ದಿನಾ ಸುಳ್ಳು ಬರೆಯುವುದು ಯಾತಕ್ಕೆಂದು ಸೋಮವಾರವೇ ಬಸುರಿ, ಬಾಣಂತಿ ಎಲ್ಲರ ಇಡೀ ವಾರದ ಹಾಜರಿಯನ್ನು ಬರೆದಿಟ್ಟುಬಿಡುತ್ತಿದ್ದೆ. ಒಂದು ಶುಕ್ರವಾರ ಜಿಲ್ಲೆಯಿಂದ ತಪಾಸಣೆಯವರು ಬಂದರು. ಪುಟ ತಿರುವುತ್ತ, "ಈ ರತ್ನವ್ವ ಅನ್ನೋರು ಹೇಗಿದ್ದಾರೆ?" ಎಂದು ಸುಮ್ಮನೆ ಕೇಳಿದರು. ನನ್ನ ಸಹಾಯಕಿ ಬಸವ್ವ ಮುಖ ಅರಳಿಸಿಕೊಂಡು, "ಛಲೋ ಅದಾಳ್ರಿ ಸಾಹೇಬ್ರ! ನಿನ್ನಿ ಗುರುವಾರ ಮಧ್ಯಾಹ್ನ ಹಡದ್ಲರಿ, ಗಂಡಸ ಮಗಾ! ಪೇಢೆ ಹಂಚ್ಯಾರ, ನಿಮಗೂ ಒಂದ ತರ್ಲೇನ್ರಿ?" ಎಂದಳು. ಹಾಜರಿಯ ಪ್ರಕಾರ ಅದೇ ಗುರುವಾರ ಮಧ್ಯಾಹ್ನ ರತ್ನವ್ವ ನನ್ನ ಅಂಗನವಾಡಿಯಲ್ಲಿ ಕೂತು ಅನ್ನ, ಸಾರು, ತತ್ತಿ ಉಂಡು ಹೋಗಿದ್ದಳು.

ಕೆಲಸದಿಂದ ಯಾಕೆ ತೆಗೆಯಬಾರದೆಂದು ಕೇಳುವ ನೋಟೀಸು ನನ್ನ ಕೈಗೆ ಬಂತು. ಆ ಊರಿಗೆ ಸೊಸೆಯಾಗಿ ಬಂದ ಮೇಲೆ ಆರು ವರ್ಷ ನನಗೊಂದು ಹೆಸರಿದ್ದದ್ದೇ ಯಾರಿಗೂ ಗೊತ್ತಿರಲಿಲ್ಲ. ಇಂಥವರ ಸೊಸೆ, ಇಂಥವನ ಹೆಂಡತಿ, ಅಷ್ಟೇ. ಅಂಗನವಾಡಿಗೆ ಸೇರಿದ ಮೇಲೆ ಊರು ನನ್ನನ್ನು 'ಅಕ್ಕೋರೆ' ಎಂದು ಕರೆಯತೊಡಗಿತ್ತು. ನನ್ನ ಸ್ವಂತ ಅತ್ತೆಯೂ ಒಮ್ಮೊಮ್ಮೆ ಬಾಯ್ತಪ್ಪಿ ಹಾಗೆ ಕರೆಯುತ್ತಿದ್ದರು. ಅದು ಹೋದರೆ ನಾನು ಮತ್ತೆ ಯಾರೂ ಅಲ್ಲ. ಆ ರಾತ್ರಿಯಿಡೀ ಅಳುತ್ತ ಕೂತೆ.

ಮರುದಿನ ಮೊದಲ ಬಸ್ಸಿಗೇ ಬಾಯಾರು ಬಂದಿಳಿದರು. ಕೂತುಕೊಳ್ಳಲಿಲ್ಲ.

"ಡಬ್ಬಿ ಕಳಸಿದ್ದಕ್ಕ ನಾ ಬೈಯ್ಯೂದಿಲ್ಲ. ಸುಳ್ಳ ಬರದ್ಯಲ್ಲಾ, ಅದಕ್ಕ ಬೈತೀನಿ. ನೀ ಎಲ್ಲಾರೂ ಬಂದು ಉಂಡ್ರು ಅಂತ ಬರೀತಿ. ಬೆಂಗಳೂರಾಗ ಕೂತವರು ಅದನ್ನ ಓದ್ತಾರ. ನಮ್ಮ ಕಾಯ್ದೆ ಎಷ್ಟು ಛಲೋ ನಡದದ, ಬಾಣಂತ್ಯಾರು ಕುಣಕೋತ ಬರ್ಲಿಕತ್ತಾರ ಅಂತ ತಿಳಕೋತಾರ. ಮತ್ತ ಕಾಯ್ದೆ ಯಾಕ ಬದಲ ಮಾಡ್ಯಾರು? ನಾ ಮೂರು ವರ್ಷದಿಂದ ಡಬ್ಬಿ ಒಯ್ಯಲಿಕ್ಕೆ ಬಿಡ್ರಿ ಅಂತ ಬರೀಲಿಕತ್ತೇನಿ. ನನ್ನ ಅರ್ಜಿ ಕೊಂದಾಕಿ ನೀನ."

ನಾನು ಅಳುತ್ತ ನಿಂತಿದ್ದೆ. ಹಾಳೆ ತರಲು ಹೇಳಿದರು. ನೋಟೀಸಿಗೆ ಉತ್ತರವನ್ನು ನನ್ನ ಕೈಯಿಂದಲೇ ಬರೆಸಿದರು: ಡಬ್ಬಿ ಕಳಿಸಿದ್ದು ನಿಜ, ಹಾಜರಿ ಸುಳ್ಳು, ಕಾರಣ ಹೀಗೆ. ನನ್ನ ಸಹಿಯ ಕೆಳಗೆ ಅವರೂ ಎರಡು ಸಾಲು ಬರೆದರು. 'ಮೇಲ್ವಿಚಾರಕಿಯಾದ ನನಗೆ ಇದು ಗೊತ್ತಿತ್ತು. ಕಂಡೂ ಕಾಣದಂತೆ ಇದ್ದೆ.'

"ಬಾಯಾರ, ನೀವ್ಯಾಕ್ರಿ ಇದರಾಗ?"

"ಬಸವ್ವನ ಸೆರಗಿನಾಗಿನ ಡಬ್ಬಿ ಕಾಣದಷ್ಟು ನನ್ನ ಕಣ್ಣು ಕೆಟ್ಟಿಲ್ಲ," ಎಂದು ಹೇಳಿ ಕೊಡೆ ಎತ್ತಿಕೊಂಡು ಹೊರಟರು.

ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಬಾಯಾರಿಗೂ ಒಂದು ಕಾಗದ ಬಂತು. ಅವರು ಅಲ್ಲಿಗೆ ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ಸುಮ್ಮನಿರುವುದು ಅವರ ಜಾತಕದಲ್ಲಿರಲಿಲ್ಲ. ನಮ್ಮನ್ನೆಲ್ಲ ಕರೆಸಿ, ಇನ್ನು ಮೇಲೆ ಅವರ ಕೈಕೆಳಗಿನ ಒಂದು ಅಂಗನವಾಡಿಯಲ್ಲೂ ಸುಳ್ಳು ಹಾಜರಿ ಬೀಳಬಾರದು ಎಂದರು. "ಡಬ್ಬಿ ನಿಲ್ಲಸಬ್ಯಾಡ್ರಿ, ಸುಳ್ಳು ನಿಲ್ಲಸ್ರಿ. ಬಾಣಂತಿ ಬರಲಿಲ್ಲ ಅಂದ್ರ ಬರಲಿಲ್ಲ ಅಂತ ಬರೀರಿ. ಡಬ್ಬಿ ಕಳಸೀವಿ ಅಂತ ಕೆಂಪು ಶಾಯಿಲೆ ಬರೀರಿ." ಹಿಂದಿನಿಂದ ಯಾರೋ, "ನಮ್ಮ ಕೆಲಸಾ ಹ್ವಾದ್ರ ಏನ ಮಾಡೂನ್ರಿ?" ಎಂದರು. "ಹೋದ್ರ ಮೊದಲ ನಂದು ಹೋಗ್ತದ. ನಂದು ಹೋದ ಮ್ಯಾಲೆ ನೀವು ಬೇಕಾದ್ರ ಸುಳ್ಳು ಬರೀರಿ."

ಆ ತಿಂಗಳು, ಹಾಜರಿ ನೋಡಿ ಸ್ಥಾನ ಕೊಡುವ ಜಿಲ್ಲೆಯ ಪಟ್ಟಿ ಬಂದಾಗ ನಮ್ಮ ಭಾಗ ಕಟ್ಟಕಡೆಗೆ ಬಿದ್ದಿತ್ತು. ಮುಂದಿನ ತಿಂಗಳೂ ಅಷ್ಟೇ, ಅದರ ಮುಂದಿನ ತಿಂಗಳೂ ಅಷ್ಟೇ. ಇದರಲ್ಲಿ ಬಾಯಾರು ಏನು ಕಳಕೊಂಡರೆಂದು ನನಗೆ ಆಮೇಲೆ ಗೊತ್ತಾಯಿತು. ರಾಜ್ಯದ ದೊಡ್ಡ ತರಬೇತಿ ಕೇಂದ್ರಕ್ಕೆ ಕಲಿಸುವವರಾಗಿ ಹೋಗಲು ಅವರ ಹೆಸರು ಪಟ್ಟಿಯಲ್ಲಿತ್ತು. ನಿವೃತ್ತಿಗೆ ಮುಂಚಿನ ಎರಡು ವರ್ಷ ಅಲ್ಲಿ ಕಲಿಸಬೇಕೆಂಬುದು ಅವರ ಬಹುದಿನದ ಆಸೆ. ಇಡೀ ರಾಜ್ಯದ ಟೀಚರುಗಳನ್ನು ಕೂಡಿಸಿ ನಾಪಾಸು ಮಾಡುವ ಯೋಗ ಅದು. ಗಾಲಿಯ ಒಂದು ನೀಲಿ ಸೂಟ್‌ಕೇಸನ್ನೂ ಕೊಂಡಿಟ್ಟಿದ್ದರು. ಕೊನೆಯ ಸ್ಥಾನದ ಮೇಲ್ವಿಚಾರಕಿಯನ್ನು ಕಲಿಸಲು ಯಾರು ಕರೆದಾರು? ಹೆಸರನ್ನು ಕೈಬಿಟ್ಟರು. ಬಾಯಾರು ಆ ಸೂಟ್‌ಕೇಸಿಗೆ ಕೆಂಪು ಶಾಯಿಯ ಹಾಳೆಗಳ ನಕಲು ತುಂಬತೊಡಗಿದರು. ನನ್ನಿಂದಾಗಿಯೇ ಹೀಗಾಯಿತೆಂದು ನಾನು ಒಮ್ಮೆ ಹೇಳಿದಾಗ, "ಹೌದು, ನಿನ್ನಿಂದನ. ಏನೀಗ?" ಎಂದರು. ಅದಕ್ಕಿಂತ ಹೆಚ್ಚಿನ ಕ್ಷಮೆ ಅವರ ಹತ್ತಿರ ಸಿಗುತ್ತಿರಲಿಲ್ಲ.

ಸತತ ಎಂಟು ತಿಂಗಳು ಕೊನೆಗೆ ಬಿದ್ದ ಮೇಲೆ, ಇದೇನು ರೋಗ ಎಂದು ನೋಡಲು ಬೆಂಗಳೂರಿನಿಂದ ಒಬ್ಬ ಹಿರಿಯ ಅಧಿಕಾರಿ ಬೈಲಹೊಂಗಲಕ್ಕೆ ಬಂದರು. ಸ್ಥಾನದಲ್ಲಿ ಹಿರಿಯರು, ವಯಸ್ಸಿನಲ್ಲಿ ಬಾಯಾರ ಅರ್ಧ. ನಮ್ಮನ್ನೆಲ್ಲ ಅದೇ ತರಬೇತಿ ಕೋಣೆಯಲ್ಲಿ ಕೂಡಿಸಿದ್ದರು. ಸಾಹೇಬರು ಮೆತ್ತಗೆ, "ನಿಮ್ಮ ಭಾಗ ಯಾಕೆ ಕೊನೆಯಲ್ಲಿದೆ, ಮೇಡಂ?" ಎಂದರು.

"ಖರೇ ಬರದೇವ್ರಿ ಸಾಹೇಬ್ರ, ಅದಕ್ಕ ಕೊನೀಗೆ ಬಂದೇವಿ," ಎಂದರು ಬಾಯಾರು. "ಬಾಯೀಲೆ ಹೇಳಿದ್ರ ತಿಳಿಯೂದಿಲ್ಲ. ಐದು ಮಿನಿಟು ನೀವು ಅಂಗನವಾಡಿ ಟೀಚರ್ ಆಗ್ರಿ. ನಾ ಅತ್ತಿ ಆಗ್ತೀನಿ. ಸೊಸಿ ಹಡದು ಒಂಬತ್ತು ದಿನಾ ಆಗ್ಯದ. ಆಕಿನ್ನ ಊಟಕ್ಕ ಕರಕೊಂಡು ಹೋಗ್ರಿ ನೋಡೋಣ."

ಸಾಹೇಬರು ನಕ್ಕು ಎದ್ದು ನಿಂತರು. ಒಳ್ಳೆಯ ಮನುಷ್ಯ, ಪಾಪ. ಬಾಯಾರು ಸೆರಗು ಹೊದ್ದು ಬೆಂಚೇರಿದರು.

"ಅಮ್ಮಾ, ನಮಸ್ಕಾರ. ನಿಮ್ಮ ಸೊಸೆಯನ್ನು ಮಧ್ಯಾಹ್ನ ಅಂಗನವಾಡಿಗೆ ಕಳಿಸಿಕೊಡಿ. ಪೌಷ್ಟಿಕ ಆಹಾರ ಕೊಡುತ್ತೇವೆ."

"ಯಪ್ಪಾ, ಒಂದ ಮಾತ ಕೇಳ್ಲ್ಯಾ? ನಿಮ್ಮವ್ವ ನಿನ್ನ ಹಡದ ಒಂಬತ್ತನೇ ದಿನಕ್ಕ ಎದ್ದು, ನಿನ್ನ ಬಗಲಾಗ ಹಿಡಕೊಂಡು, ಬಿಸಲಾಗ ಪರರ ಕಟ್ಟೀಗೆ ಉಣ್ಣಾಕ ಹ್ವಾದಳೇನು?"

ಸಾಹೇಬರಿಗೆ ತಾಯಿ ನೆನಪಾದರೋ ಏನೋ. "ಹಾಗಾದರೆ ಊಟವನ್ನು ನಿಮ್ಮ ಮನೆಗೇ ಕಳಿಸಿದರೆ?" ಎಂದರು.

ಬಾಯಾರು ತಟ್ಟನೆ ಸೆರಗಿಳಿಸಿದರು. ಚಂಚಿಯ ಬಾಯಿ ಬಿಚ್ಚಿ, ಶೇಂಗಾ ಬೆಲ್ಲದ ಕೆಳಗಿನಿಂದ ನಾಲ್ಕು ಮಡಿಕೆ ಮಾಡಿದ ಅರ್ಜಿಯನ್ನು ತೆಗೆದುಕೊಟ್ಟರು. ಒಂದೇ ಹಾಳೆ, ಅದರಲ್ಲಿ ಒಂದೇ ಬೇಡಿಕೆ. ಜೊತೆಗೆ ಇರಲೆಂದು ನೀಲಿ ಸೂಟ್‌ಕೇಸನ್ನೂ ಗಾಲಿಯ ಮೇಲೆ ಉರುಳಿಸಿ ತಂದು ಅವರ ಮುಂದೆ ನಿಲ್ಲಿಸಿದರು. ಹೊರಡುವಾಗ ಸಾಹೇಬರು ನಗುತ್ತ, "ನಾನು ಪಾಸೋ, ಮೇಡಂ?" ಎಂದು ಕೇಳಿದರು. "ನಾಪಾಸ್ರಿ. ಆದ್ರ ಛಲೋ ನಾಪಾಸು," ಎಂದು ಅವರ ಹೆಸರನ್ನೂ ಕೆಂಪು ರಟ್ಟಿನ ನೋಟುಬುಕ್ಕಿನ ಅದೇ ಪಟ್ಟಿಯಲ್ಲಿ ಬರೆದುಕೊಂಡರು.

ಆದೇಶ ನಾಳೆಯೇ ಬಂದುಬಿಡುತ್ತದೆಂದು ನಾವು ಕುಣಿದಾಡಿದೆವು. ಚಿಲಕಕ್ಕೇ ಏಳು ತಿಂಗಳು ಹಿಡಿದಿತ್ತೆಂಬುದು ಮರೆತುಹೋಗಿತ್ತು. ಆ ನಡುವೆ ಬಾಯಾರು ನಿವೃತ್ತರಾದರು. ಶಾಲು, ಹಾರ, ತೆಂಗಿನಕಾಯಿ ಎಲ್ಲ ಆಯಿತು. ಭಾಷಣ ಮಾಡಿರೆಂದರೆ ಒಲ್ಲೆ ಎಂದು, ಹೊಸದಾಗಿ ಬಂದಿದ್ದ ಮೇಲ್ವಿಚಾರಕಿಯನ್ನು ಎದುರು ನಿಲ್ಲಿಸಿಕೊಂಡು ಅತ್ತೆ ಪರೀಕ್ಷೆ ಮಾಡಿ ನಾಪಾಸು ಮಾಡಿದರು. ಸೂಟ್‌ಕೇಸು ಹಿಡಿದು ರಾಮದುರ್ಗಕ್ಕೆ, ತಂಗಿಯ ಮನೆಗೆ ಹೋದರು.

ಆದೇಶ ಬಂದದ್ದು ಅದಾಗಿ ಒಂದು ವರ್ಷಕ್ಕೆ. ಬಾಣಂತಿಯ ಊಟವನ್ನು ಡಬ್ಬಿಯಲ್ಲಿ ಮನೆಗೆ ಕಳಿಸಬಹುದು, ಹಾಗೆಯೇ ಹಾಜರಿಯಲ್ಲಿ ತೋರಿಸಬಹುದು. ಅದನ್ನು ಓದಿದ ದಿನ ನನಗೆ ನಿಲ್ಲಲಾಗಲಿಲ್ಲ. ಮುಂಜಾನೆ ಎದ್ದು ಉಳ್ಳಾಗಡ್ಡಿ ಹಾಕದ ಝುಣಕ ಮಾಡಿ, ನಾಲ್ಕು ಜೋಳದ ರೊಟ್ಟಿ ಬಡಿದು, ಡಬ್ಬಿ ಕಟ್ಟಿಕೊಂಡು, ಆದೇಶದ ನಕಲು ಹಿಡಿದು ರಾಮದುರ್ಗದ ಬಸ್ಸು ಹತ್ತಿದೆ. ಮಲಪ್ರಭೆಯ ಸೇತುವೆ ದಾಟುವವರೆಗೂ ಬಾಯಾರು ಏನನ್ನಬಹುದು, ಹೇಗೆ ಹಿಗ್ಗಬಹುದು ಎಂಬುದೇ ತಲೆಯಲ್ಲಿ.

ಬಾಗಿಲು ತೆರೆದ ತಂಗಿ ಮಾಲತಿಬಾಯಿ, "ಬರ್ರಿ ಒಳಗ. ಬಿದ್ದು ಸೊಂಟದ ಎಲುಬು ಮುರಕೊಂಡಾಳ. ನಾಲ್ಕು ದಿನದಿಂದ ಬರೇ ಮಜ್ಜಿಗಿ. ಏನು ಕೊಟ್ರೂ ಬೈತಾಳ," ಎಂದರು. ಕಾಟಿನ ಮೇಲೆ ಮಲಗಿದ್ದ ಬಾಯಾರು ಅರ್ಧ ಆಗಿದ್ದರು. ಕಾಟಿನ ಕೆಳಗೆ ಆ ನೀಲಿ ಸೂಟ್‌ಕೇಸು. ನಾನು ಕಾಲು ತೊಳೆಯಲೂ ನಿಲ್ಲದೆ ಆದೇಶವನ್ನು ಅವರ ಕೈಗೆ ತುರುಕಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು. "ಇದಕ್ಕೂ ಒಂದು ಹೊಸಾ ರಜಿಸ್ಟರ್ ಹಚ್ಚ್ಯಾರ ನೋಡು," ಎಂದು ಹಾಳೆಯನ್ನು ಎದೆಯ ಮೇಲಿಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿದರು. ಅಷ್ಟೇ. ನಾನು ಕಟ್ಟಿಕೊಂಡು ಬಂದ ಸಂಭ್ರಮವೆಲ್ಲ ಜರ್ರೆಂದು ಇಳಿಯಿತು. ಏನು ಮಾತಾಡಬೇಕೋ ತಿಳಿಯದೆ ಅತ್ತಿತ್ತ ನೋಡಿದೆ. ಕಿಡಕಿಯಲ್ಲಿ ಮುಚ್ಚಿಟ್ಟ ತಾಟು ಹಾಗೇ ಇತ್ತು.

"ಊಟಾ ಆತೇನ್ರಿ, ಬಾಯಾರ?" ಎಂದೆ.

ಬಾಯಾರು ಗೋಡೆಯನ್ನೇ ನೋಡುತ್ತ ಮಾತಾಡಿದರು.

"ಆ ಕಿತ್ತೂರ ಕಡೆ ಮುದುಕಿ ಏನಂದ್ಲು ಗೊತ್ತದೇನು, ಮಾದೇವಿ? 'ಬಂದಾವ್ರೆಲ್ಲಾ ಸೊಸಿ ಉಂಡ್ಲೇನು, ಸೊಸಿ ಉಂಡ್ಲೇನು ಅಂತ ಕೇಳತೀರಿ. ನಾ ನಾಕ ಹಡದೇನಿ. ನೀ ಉಂಡಿ ಏನವಾ ಅಂತ ನನ್ನ ಒಬ್ಬರರೆ ಕೇಳೀರೇನು?' ಅಂದ್ಲು. ನಾವು ಎಂಥಾ ಮಂದಿ ನೋಡು. ಓಣ್ಯಾಗ ಎದುರಿಗೆ ಯಾರು ಬಂದ್ರೂ ಊಟಾ ಆತೇನು ಅಂತೀವಿ. ರಜಿಸ್ಟರ್ ಕೈಯಾಗ ಬಂತು ಅಂದ್ರ ಅದೊಂದು ಮಾತು ಮರೀತೀವಿ."

ಹನ್ನೊಂದು ವರ್ಷ ಬಸ್ಸಿನಲ್ಲಿ ಕೂತು ಹುಡುಕಿದ ಮಾತು, ದಿನಕ್ಕೆ ಇಪ್ಪತ್ತು ಸಲ ನನ್ನ ಬಾಯಲ್ಲೇ ಬಂದು ಹೋಗುತ್ತಿತ್ತು. ಬಾಯಾರು ಸೂಟ್‌ಕೇಸಿನಿಂದ ಆ ಕೆಂಪು ರಟ್ಟಿನ ನೋಟುಬುಕ್ಕು ತೆಗೆಸಿ, ಮಲಗಿದಲ್ಲೇ ಏನೋ ಬರೆದು, ನಾನು ಇಣುಕುವಷ್ಟರಲ್ಲಿ ದಿಂಬಿನ ಕೆಳಗೆ ತಳ್ಳಿದರು. "ಡಬ್ಬಿಯಾಗ ಏನದ? ಉಳ್ಳಾಗಡ್ಡಿ ಹಾಕೀ ಏನು?" ಎಂದರು. ಇಲ್ಲವೆಂದೆ. ರೊಟ್ಟಿ ಮುರಿದು ಝುಣಕ ಹಚ್ಚಿ ಕೊಟ್ಟೆ. ಮೆಲ್ಲಗೆ ಅರ್ಧ ರೊಟ್ಟಿ ಉಂಡರು. ಬಾಗಿಲಲ್ಲಿ ನಿಂತ ಮಾಲತಿಬಾಯಿ ಕಣ್ಣೊರೆಸಿಕೊಂಡರು.

ಹೊರಡುವಾಗ ನನ್ನ ಕೈ ಹಿಡಿದು, "ಡಬ್ಬಿ ಮನೀಗೆ ಬಂದದ್ದು ಈಗ ಕಾಯ್ದೆ ಪ್ರಕಾರನ ಆತು. ಹಾಜರಿ ಮಾತ್ರ ಖರೇ ಬರಿ, ಮಾದೇವಿ. ಅರ್ಧಾ ರೊಟ್ಟಿ ಅಂತ ಬರಿ," ಎಂದರು. ಅದೇ ಕೊನೆಯ ಭೇಟಿ.

ಅವರು ಹೋದ ಹದಿಮೂರನೆಯ ದಿನ ಮುಗಿದ ಮೇಲೆ ಮಾಲತಿಬಾಯಿ ಆ ಸೂಟ್‌ಕೇಸನ್ನು ಬಸ್ಸಿನಲ್ಲಿ ನನಗೆ ಕಳಿಸಿದರು. ಚಾಲಕ ಅದನ್ನು ತನ್ನ ಹಿಂದಿನ ಸೀಟಿನ ಮೇಲೆ ಇಟ್ಟುಕೊಂಡು ತಂದಿದ್ದ. ಒಳಗೆ ಕೆಂಪು ಶಾಯಿಯ ಹಾಳೆಗಳು, ಖಾಲಿ ಚಂಚಿ, ನೋಟುಬುಕ್ಕು. ನನ್ನ ಹೆಸರಿನ ಮುಂದೆ ಮೂರು ನಾಪಾಸು. ಅವುಗಳ ಕೆಳಗೆ, ನಡುಗುವ ಅಕ್ಷರದಲ್ಲಿ: 'ಪಾಸು. ಪರೀಕ್ಷೆ ಎಂದು ಗೊತ್ತಿಲ್ಲದೆ ಕೇಳಿದಳು.'

ಈಗ ಬೈಲಹೊಂಗಲದ ತರಬೇತಿಯಲ್ಲಿ ಹೊಸಬರಿಗೆ ಅತ್ತೆ ಪರೀಕ್ಷೆ ಮಾಡುವವಳು ನಾನು. ಗುಟ್ಟನ್ನು ಇಲ್ಲಿ ಬರೆದುಬಿಟ್ಟೆಯಲ್ಲ ಎಂದು ಯಾರಾದರೂ ಕೇಳಬಹುದು. ಅದರ ಹೆದರಿಕೆ ನನಗಿಲ್ಲ. ನಮ್ಮ ಟೀಚರುಗಳಿಗೆ ರಜಿಸ್ಟರು ಬರೆದು ಮುಗಿದರಲ್ಲವೇ ಇದನ್ನು ಓದುವುದು? ಶೇಂಗಾ ಬೆಲ್ಲದ ಚಂಚಿ ಹಿಡಿದು, ಸೆರಗು ಹೊದ್ದು, ಆ ಬೆಂಚಿನ ಮೇಲೆ ಒಂದು ಕಾಲು ಮಡಚಿ ಕೂಡುತ್ತೇನೆ. ಹುಡುಗಿಯರು ಒಬ್ಬೊಬ್ಬರಾಗಿ ಬರುತ್ತಾರೆ, ನನಗಿಂತ ಎಷ್ಟೋ ಚೆನ್ನಾಗಿ ಮಾತಾಡುತ್ತಾರೆ. ಮೂರು ತರಬೇತಿ ಮುಗಿದವು. ಇನ್ನೂ ಯಾರೂ ಕೇಳಿಲ್ಲ.